ಮರದ ಗಣಿ ಮಾಡೆಲ್ ಕೊಳಕಾಗಿ ಕಾಣದೆ ಹಳೆಯದಾಗಿ ಕಾಣಬೇಕಾದರೆ ಏನು ಮಾಡಬೇಕು?

ಮರದಲ್ಲಿ ಗಣಿಯ ಮಾಡೆಲ್ ಕಟ್ಟಿದ್ದೀರಿ. ಹಳೆಯದಾಗಿ ಕಾಣಲಿ ಅಂತ ಎಲ್ಲದರ ಮೇಲೂ ಕಂದು ಬಣ್ಣ ಬಳಿದಿದ್ದೀರಿ. ಈಗ ಅದು ಬರೀ ಕೊಳಕಾಗಿ ಕಾಣುತ್ತಿದೆ, ಸರಿಪಡಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಕೆಜಿಎಫ್‌ನ ಚಿನ್ನದ ಗಣಿ. ಮೇಲೆ ಹೆಡ್‌ಗೇರ್ (ಗಣಿ ಬಾಯಿಯ ಮೇಲೆ ನಿಂತ, ಹಗ್ಗದ ಚಕ್ರವಿರುವ ಗೋಪುರ), ಪಕ್ಕದಲ್ಲಿ ತಗಡಿನ ಶೆಡ್, ಕೆಳಗೆ ನೆಲವನ್ನು ಸೀಳಿ ತೋರಿಸಿದ ಹಾಗೆ ಒಂದು ಸುರಂಗ. ಅಳತೆ 1:50. ನಿಜದ 1 ಮೀಟರ್ ನನ್ನ ಮೇಜಿನ ಮೇಲೆ 2 ಸೆಂಟಿಮೀಟರ್. ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಹೋಗಿತ್ತು. ಅದನ್ನು ಪೂರ್ತಿ ತೋರಿಸಬೇಕು ಅಂದರೆ ಮೇಜಿನ ಕೆಳಗೆ 64 ಮೀಟರ್ ಜಾಗ ಬೇಕು! ಹಾಗಾಗಿ ಒಂದೇ ಒಂದು ಲೆವೆಲ್, ಅಂದರೆ ಒಂದೇ ಆಳದ ಸುರಂಗ ಸಾಕು ಅಂತ ತೀರ್ಮಾನಿಸಿದೆ.

ಮೊದಲ ಸಲ ಮರದ ತುಂಡುಗಳಿಗೆಲ್ಲ ಒಂದೇ ಥರ ಬೂದು ಬಣ್ಣ ಕೊಟ್ಟಿದ್ದೆ. ಶೆಡ್ಡಿನ ಬಾಗಿಲು, ಹಳಿ ಕೆಳಗಿನ ಸ್ಲೀಪರು, ಸುರಂಗದ ಕಂಬ, ತೊಲೆ, ಎಲ್ಲಕ್ಕೂ. ನನ್ನ ಸೋದರಮಾವ ಕೆಜಿಎಫ್‌ನಲ್ಲಿ ಗಣಿಗೆ ಇಳಿದು ಕೆಲಸ ಮಾಡಿದವರು. ಕನ್ನಡಕ ಹಾಕಿಕೊಂಡು ಬಗ್ಗಿ ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಎಲ್ಲಾ ಚೆನ್ನಾಗಿದೆ ಕಣೋ, ಆದ್ರೆ ಕೆಳಗಡೆಗೆ ಬಿಸಿಲು ಎಲ್ಲಿಂದ ಬಂತು?"

ನಿಮ್ಮ ಪ್ರಶ್ನೆಗೆ ಉತ್ತರ ಈ ಮಾತಲ್ಲೇ ಇದೆ. ಮರ ಬೂದು ಬಣ್ಣಕ್ಕೆ ತಿರುಗೋದು ಬಿಸಿಲಿಗೆ. ಬಿಸಿಲಿಗೆ ಮರದ ಮೇಲ್ಪದರದ ಲಿಗ್ನಿನ್ (ನಾರುಗಳನ್ನು ಹಿಡಿದಿಡುವ ಅಂಟಿನಂಥ ವಸ್ತು) ಒಡೆಯುತ್ತದೆ, ಮಳೆ ಅದನ್ನು ತೊಳೆದುಬಿಡುತ್ತದೆ, ಉಳಿಯೋದು ಬಿಳಿಚಿದ ನಾರು. ಗಣಿಯೊಳಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅಲ್ಲಿರೋದು ಕತ್ತಲು, ಸೆಕೆ, ತೇವ. ಅಲ್ಲಿನ ಮರ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಬುಡದಲ್ಲಿ ಕೊಳೆಯುತ್ತದೆ. ಒಂದೊಂದು ತುಂಡನ್ನೂ ಕೈಗೆತ್ತಿಕೊಂಡು "ನಿನಗೆ ಏನಾಯ್ತು?" ಅಂತ ಕೇಳಿ. ಬಿಸಿಲು ಬಿತ್ತಾ, ನೀರು ಸೋರಿತಾ, ಹಗ್ಗ ಉಜ್ಜಿತಾ, ಕೈ ತಾಗಿತಾ? ಉತ್ತರ ಸಿಕ್ಕ ಮೇಲೆ ಬ್ರಷ್ ಹಿಡಿಯಿರಿ.

ಅದಕ್ಕೂ ಮುಂಚೆ ಒಂದು ಕಾಲ ಗೊತ್ತುಮಾಡಿಕೊಳ್ಳಿ. ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟ್ ಬಂದಿದ್ದು 1902ರಲ್ಲಿ. ಅದಕ್ಕಿಂತ ಹಿಂದಿನ ಗಣಿ ಮಾಡುತ್ತಿದ್ದರೆ ಕರೆಂಟ್ ಕಂಬ ಬೇಡ, ಹೊಗೆ ಕೊಳವೆ ಬೇಕು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಕೆಲಸ ನಡೆಯುತ್ತಿದ್ದ ದಿನಗಳನ್ನು ತೋರಿಸುವುದಾದರೆ ಹೆಡ್‌ಗೇರ್ ಚಕ್ರದಲ್ಲಿ ಹಗ್ಗ ಓಡುವ ಕೊರಕಲು ಫಳಫಳ ಹೊಳೆಯಬೇಕು, ಅದರ ಕೆಳಗೆ ಗ್ರೀಸ್ ತೊಟ್ಟಿಕ್ಕಿದ ಕಪ್ಪು ಕಲೆ ಇರಬೇಕು. ಮುಚ್ಚಿದ ಮೇಲಿನ ಗಣಿಯಾದರೆ ಅದೇ ಕೊರಕಲಿನಲ್ಲಿ ತುಕ್ಕು. ಎರಡನ್ನೂ ಬೆರೆಸಿದರೆ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಯಾಕೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಇನ್ನು ಮರ. ಬಾಲ್ಸಾ ಸುಲಭವಾಗಿ ಸಿಗುತ್ತದೆ, ಆದರೆ ತುಂಬಾ ಮೆತ್ತಗೆ, ಅಂಚು ನಿಲ್ಲುವುದಿಲ್ಲ. ನನಗೆ ಇಷ್ಟವಾಗಿದ್ದು ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರ. ನಾರು ಸಣ್ಣದು, ಚೂಪಾಗಿ ಕತ್ತರಿಸಬಹುದು. ಶೆಡ್ಡಿನ ಹಲಗೆಗೆ ಐಸ್‌ಕ್ರೀಮ್ ಕಡ್ಡಿ ಸಾಕು.

ಇಲ್ಲಿ ಒಂದು ವಿಷಯ ಗಮನಿಸಿ. ಮಾಡೆಲ್‌ನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮರವೇ ಆದರೂ, ಕೆಲವು ತುಂಡು ಮರವನ್ನು ತೋರಿಸುತ್ತವೆ, ಕೆಲವು ಕಬ್ಬಿಣವನ್ನು. ಮರ ತೋರಿಸುವ ತುಂಡಿನ ಮೇಲೆ ತಂತಿ ಬ್ರಷ್ಷನ್ನು ನಾರಿನ ಉದ್ದಕ್ಕೆ ಎಳೆದು ಗೆರೆ ಏಳಿಸಿ. ಕಬ್ಬಿಣ ತೋರಿಸುವ ತುಂಡಿಗೆ ಸ್ಯಾಂಡಿಂಗ್ ಸೀಲರ್ (ಮರದ ಸಣ್ಣ ರಂಧ್ರ ಮುಚ್ಚುವ ದ್ರವ) ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ. ಒಂದೇ ಒಂದು ನಾರಿನ ಗೆರೆ ಉಳಿದರೂ ಹೆಡ್‌ಗೇರ್ ಕಬ್ಬಿಣದ್ದು ಅಂತ ಯಾರೂ ನಂಬುವುದಿಲ್ಲ.

ಬಿಸಿಲಿಗೆ ಬಿದ್ದ ಮರದ ಬೂದು ಬಣ್ಣಕ್ಕೆ ಪೇಂಟ್ ಬೇಡವೇ ಬೇಡ. ವಿನೆಗರ್‌ನಲ್ಲಿ ಸ್ಟೀಲ್ ವುಲ್ ನಾಲ್ಕೈದು ದಿನ ನೆನೆಯಲಿ. ಪಾತ್ರೆ ಉಜ್ಜುವ ಹೊಳೆಯುವ ಸ್ಕ್ರಬ್ಬರ್ ಸ್ಟೇನ್‌ಲೆಸ್, ಅದು ನಡೆಯುವುದಿಲ್ಲ. ತುಕ್ಕು ಹಿಡಿಯುವ ಸಾದಾ ಕಬ್ಬಿಣ ಬೇಕು, ಸಣ್ಣ ಮೊಳೆಯಾದರೂ ಸರಿ. ಬಾಟಲಿ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ನಾನು ಬಿಗಿ ಮಾಡಿಟ್ಟಿದ್ದೆ, ರಾತ್ರಿ ಮುಚ್ಚಳ ಸಿಡಿದು ಅಡುಗೆಮನೆ ಗೋಡೆಯೆಲ್ಲ ಕಲೆಯಾಯಿತು. ಒಲೆ, ದೀಪದ ಹತ್ತಿರವಂತೂ ಇಡಲೇಬೇಡಿ.

ಈ ನೀರು ಕೆಲಸ ಮಾಡೋದು ಮರದ ಒಗರಿನ (ಟ್ಯಾನಿನ್) ಜೊತೆ. ಬಿಳಿ ಮರದಲ್ಲಿ ಒಗರು ಕಮ್ಮಿ, ನಾವೇ ಕೊಡಬೇಕು. ಕಡಕ್ ಟೀ ಡಿಕಾಕ್ಷನ್ ಹಚ್ಚಿ ಒಣಗಿಸಿ, ಆಮೇಲೆ ಕಬ್ಬಿಣದ ನೀರು ಹಚ್ಚಿ. ಕಣ್ಣೆದುರೇ ಬೂದು ಬಣ್ಣ ಏಳುತ್ತದೆ. ಸುರಂಗದ ಮರಕ್ಕೆ ನಾನು ಟೀ ಬದಲು ಅಳಲೆಕಾಯಿ ಕುದಿಸಿದ ನೀರು ಹಚ್ಚಿದೆ. ಅಳಲೆಕಾಯಿ ಒಗರು ಕಬ್ಬಿಣ ಸೇರಿದರೆ ಕಪ್ಪು. ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಹೀಗೇ ಅಲ್ವಾ? ಇದನ್ನೆಲ್ಲ ತುಂಡುಗಳನ್ನು ಅಂಟಿಸುವ ಮುಂಚೆಯೇ ಮುಗಿಸಿ. ಫೆವಿಕಾಲ್ ತಾಗಿದ ಕಡೆ ಬಣ್ಣ ಇಳಿಯುವುದಿಲ್ಲ, ಬಿಳಿ ಮಚ್ಚೆ ಹಾಗೇ ಉಳಿಯುತ್ತದೆ.

ಸುರಂಗದ ಕಂಬಗಳಿಗೆ ನಾನು ಅತಿ ಜಾಸ್ತಿ ಸಮಯ ಕೊಟ್ಟೆ. ಎರಡು ಕಂಬ, ಮೇಲೊಂದು ತೊಲೆ, ಸಂದಿಗೆ ಹೊಡೆದ ಬೆಣೆ. ಮೇಲಿನ ಬಂಡೆಯ ಭಾರಕ್ಕೆ ಕಂಬದ ತಲೆ ಜಜ್ಜಿ ನಾರು ಹೊರಗೆ ಬಿರಿದಿರುತ್ತದೆ. ಅದನ್ನು ಇಕ್ಕಳದಿಂದ ಮೆಲ್ಲಗೆ ಅಮುಕಿ ಮಾಡಿದೆ. ಬುಡಕ್ಕೆ ಒಂದೆರಡು ಮಿಲಿಮೀಟರ್ ಹೊಳೆಯುವ ವಾರ್ನಿಶ್, ಒದ್ದೆಯಾದ ಹಾಗೆ. ಹತ್ತಿಯ ಎಳೆ ಕಾಣದಷ್ಟು ತೆಳ್ಳಗೆ ಎಳೆದು ಅಂಟಿಸಿದರೆ ಬಿಳಿ ಬೂಷ್ಟು. ಮರ ಮುರಿಯುವ ಮುಂಚೆ ಕಿರುಗುಟ್ಟಿ ಹೇಳುತ್ತದೆ, ಬಂಡೆ ಹಾಗೆ ಹೇಳುವುದಿಲ್ಲ ಅಂತ ಮಾವ ಹೇಳಿದ್ದರು. ಕೆಜಿಎಫ್‌ನಲ್ಲಿ ಬಂಡೆ ಸಿಡಿದು ಎಷ್ಟೋ ಜನ ಸತ್ತಿದ್ದಾರೆ. ಈ ಕಂಬಗಳನ್ನು ಅರೆಮನಸ್ಸಿನಿಂದ ಮಾಡಲು ನನಗೆ ಆಗಲಿಲ್ಲ.

ಶೆಡ್ಡಿನ ತಗಡಿಗೆ ದಪ್ಪನೆಯ ಅಲ್ಯೂಮಿನಿಯಂ ಫಾಯಿಲ್ ತಗೊಳ್ಳಿ. ನಿಜದ ತಗಡಿನ ಅಲೆ ಸುಮಾರು 76 ಮಿಲಿಮೀಟರ್, 1:50ರಲ್ಲಿ ಒಂದೂವರೆ ಮಿಲಿಮೀಟರ್. 10 ಎಂಎಂ ಬೋಲ್ಟಿನ ಸುತ್ತುಗೆರೆಗಳ ಅಂತರವೂ ಸರಿಯಾಗಿ ಒಂದೂವರೆ! ಫಾಯಿಲನ್ನು ಮೌಸ್ ಪ್ಯಾಡ್ ಮೇಲಿಟ್ಟು ಉದ್ದ ಬೋಲ್ಟನ್ನು ಒತ್ತಿ ಉರುಳಿಸಿ. ಗೆರೆ ಸ್ವಲ್ಪ ಓರೆ ಬರುತ್ತದೆ, ಅದಕ್ಕೇ ಹಾಳೆ ದೊಡ್ಡದಿರಲಿ, ಆಮೇಲೆ ಗೆರೆಗೆ ನೇರವಾಗಿ ಕತ್ತರಿಸಿ.

ತುಕ್ಕಿಗೆ ಗ್ರಂದಿಗೆ ಅಂಗಡಿಯ ಕಾವಿ ಪುಡಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಜಾತಿಯದ್ದೇ. ಸ್ವಲ್ಪ ಕಾಡಿಗೆಕಪ್ಪು ಬೆರೆಸಿದರೆ ಹಳೇ ತುಕ್ಕು, ಬರೀ ಕಾವಿಯಾದರೆ ಹೊಸ ತುಕ್ಕು. ಮೊಳೆಯ ತಲೆಯಿಂದ ಶುರುಮಾಡಿ ಕೆಳಕ್ಕೆ ಎಳೆಯಿರಿ, ನೀರು ಹರಿಯುವ ದಾರಿಯಲ್ಲೇ.

ಧೂಳು ಕೊನೆಗೆ. ಕೆಜಿಎಫ್‌ನ ಸೈನೈಡ್ ಗುಡ್ಡಗಳ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ) ಪುಡಿ ಗಾಳಿ ಬಂದರೆ ಊರಿಗೆಲ್ಲ ಹಾರುತ್ತದೆ. ಬಣ್ಣ ಬಿಳಿಚಿದ ಬೂದು, ಮಣ್ಣಿನ ಕೆಂಪಲ್ಲ. ಚಪ್ಪಟೆಯಾಗಿರುವ ಕಡೆ, ಗಾಳಿ ಬೀಸುವ ಒಂದು ಮಗ್ಗುಲಿಗೆ ಮಾತ್ರ ಉದುರಿಸಿ. ಮೇಲೆ ಮ್ಯಾಟ್ ವಾರ್ನಿಶ್ ಹೊಡೆದಾಗ ಅರ್ಧ ಧೂಳು ಮಾಯವಾಗುತ್ತದೆ, ಹೆದರಬೇಡಿ, ಇನ್ನೊಂದು ಸಲ ಉದುರಿಸಿ. ಸುರಂಗದ ಭಾಗವನ್ನು ಮಾತ್ರ ಕಾಗದದಿಂದ ಮುಚ್ಚಿಟ್ಟು ಹೊಡೆಯಿರಿ, ಇಲ್ಲವಾದರೆ ಕಂಬದ ಬುಡದ ತೇವ ಹೋಗಿಬಿಡುತ್ತದೆ.

ನೀವು ಈಗಾಗಲೇ ಬಳಿದ ಕಂದು ಬಣ್ಣ ಅಕ್ರಿಲಿಕ್ ಆದರೆ ಸ್ಪಿರಿಟ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಬಹಳಷ್ಟು ಹೋಗುತ್ತದೆ. ಶೆಡ್ಡಿನ ಬಾಗಿಲಿಂದ ಶುರುಮಾಡಿ. ಅದೊಂದು ಸರಿಹೋದರೆ ಉಳಿದದ್ದಕ್ಕೆ ಕೈ ಹಾಕಿ. ಗಣಿ ಯಾವ ಊರಿನದು, ಯಾವ ಕಾಲದ್ದು ಅಂತ ತಿಳಿಸಿದರೆ ಅದಕ್ಕೆ ತಕ್ಕ ಬಣ್ಣ ಹೇಳುತ್ತೇನೆ.