ಗುಟ್ಟು ಹೇಳುವಾಗಲೇ ಫೋನ್ ಯಾಕೆ ರಿಂಗಾಗುತ್ತದೆ?

ಪ್ರಶ್ನೆ: ಧಾರಾವಾಹಿಯಲ್ಲಿ ಯಾರಾದರೂ ಒಂದು ಮಾತಾಡಿದರೆ ಸಾಕು, ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸುತ್ತಾರೆ. ಯಾಕೆ?

ಉತ್ತರ: ಬರೆದ ಪುಟಗಳು ಸಾಲದ್ದಕ್ಕೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ಸ್ಕ್ರಿಪ್ಟಿನ ಪುಟಕ್ಕೆ ಒಂದು ನಿಮಿಷ ಎಂದರೆ ದಿನಕ್ಕೆ 22 ಪುಟ ಬೇಕು. ಮುಂಚೆಯೇ ಚಿತ್ರೀಕರಿಸಿಟ್ಟ ಸಂಚಿಕೆಗಳು, ಅಂದರೆ ಬ್ಯಾಂಕಿಂಗ್, ಖಾಲಿಯಾದಾಗ ಬೆಳಗ್ಗೆ ಸೆಟ್‌ಗೆ ಹದಿನೈದೇ ಪುಟ ಬಂದರೂ ಶೂಟಿಂಗ್ ನಿಲ್ಲುವಂತಿಲ್ಲ. ಮಿಕ್ಕಿದ್ದನ್ನು ಎಡಿಟರ್ ತುಂಬಬೇಕು. ಆರು ಮುಖ, ತಲಾ 3 ಸೆಕೆಂಡು, ಮೂರು ಸುತ್ತು: 54 ಸೆಕೆಂಡು. ಸ್ಲೋ ಮೋಷನ್ ಸೇರಿದರೆ ಒಂದು ಪುಟದ ಕೆಲಸ ಮುಗಿಯಿತು.

ಕಲಾವಿದರ ಡೇಟ್ಸ್ ಕೂಡ ಕಾರಣ. ದೃಶ್ಯದ ಇಬ್ಬರಿಗೂ ಒಂದೇ ದಿನ ಬಿಡುವಿಲ್ಲದಿದ್ದರೆ ಒಬ್ಬರು ಇನ್ನೊಂದು ದಿನ ಬಂದು, ಎದುರಿನವರ ಬದಲು ಗೋಡೆ ನೋಡುತ್ತಾ ಬೆಚ್ಚಿಬೀಳುತ್ತಾರೆ. ಇಡೀ ಜಗಳದಲ್ಲಿ ಇಬ್ಬರೂ ಒಂದೇ ಫ್ರೇಮಿನಲ್ಲಿ ಒಮ್ಮೆಯೂ ಕಾಣದಿದ್ದರೆ ಬಹುಪಾಲು ಇದೇ ಆಗಿರುತ್ತದೆ.

ಪ್ರಶ್ನೆ: ಗುಟ್ಟು ಹೇಳಲು ಬಾಯಿ ತೆರೆದಾಗಲೇ ಫೋನ್ ಬರುತ್ತದೆ. ಆಮೇಲೆ ಒಂದು ಮೆಸೇಜ್ ಹಾಕಬಾರದೇ?

ಉತ್ತರ: ಹಾಕಬಹುದು. ಅದಕ್ಕೇ ನೋಡುಗರಿಗೆ ಸಿಟ್ಟು ಬರುವುದು, ಆ ಸಿಟ್ಟು ನ್ಯಾಯವಾದದ್ದೇ. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರೆಂಬ ಅಂಕಿ, ಬರುತ್ತದೆ. ಕಥೆಯ ಒಂದು ಎಳೆಗೆ (ಟ್ರ್ಯಾಕ್) ಅಂಕಿ ಏರಿದರೆ ‘ಇನ್ನೂ ಎರಡು ವಾರ ಎಳೆಯಿರಿ’ ಎಂಬ ಸೂಚನೆ ಬರುತ್ತದೆ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಕೊನೆಯವರಿಗೆ ಸಿಗುವುದು ಒಂದು ರಾತ್ರಿ. ಆ ಹೊತ್ತಿಗೆ ಕೈಗೆ ಸಿಗುವ ಅಡ್ಡಿ ಫೋನು, ತಲೆಸುತ್ತು, ಬಾಗಿಲ ಹಿಂದೆ ನಿಂತ ಅತ್ತೆ.

ಇದಕ್ಕೆ ಮದ್ದು ಬರವಣಿಗೆಯಲ್ಲೇ ಇದೆ. ಗುಟ್ಟು ಹೇಳಿದರೆ ನಾಯಕಿ ಏನು ಕಳೆದುಕೊಳ್ಳುತ್ತಾಳೆ ಎಂಬುದನ್ನು ಮೊದಲೇ ಗಟ್ಟಿ ಮಾಡಬೇಕು. ಉದಾಹರಣೆಗೆ, ಮಾವ ಸೊಸೆಯ ಒಡವೆ ಅಡ ಇಟ್ಟಿದ್ದಾನೆ. ಗಂಡನಿಗೆ ಹೇಳಿದರೆ ನಾದಿನಿಯ ಮದುವೆ ನಿಲ್ಲುತ್ತದೆ. ಈಗ ಅವಳು ತಾನಾಗಿಯೇ ಸುಮ್ಮನಿರುತ್ತಾಳೆ, ಫೋನಿನ ಹಂಗಿಲ್ಲ. ಗುಟ್ಟನ್ನು ಒಬ್ಬೊಬ್ಬರಿಗೇ ಬಿಚ್ಚಿ: 5ನೇ ಸಂಚಿಕೆಯಲ್ಲಿ ತಾಯಿಗೆ, 12ರಲ್ಲಿ ನಾದಿನಿಗೆ, 20ರಲ್ಲಿ ಗಂಡನಿಗೆ. ತಿಳಿದವರೆಲ್ಲರಿಗೂ ಹೊಸ ಇಕ್ಕಟ್ಟು ಹುಟ್ಟುತ್ತದೆ, ನಾಲ್ಕು ವಾರ ತಾನೇ ತುಂಬುತ್ತದೆ.

ಪ್ರಶ್ನೆ: ಮಲಗುವಾಗಲೂ ರೇಷ್ಮೆ ಸೀರೆ, ಒಡವೆ ಯಾಕೆ?

ಉತ್ತರ: ಕಥೆಯ ಒಂದೇ ರಾತ್ರಿ ಆರು ಸಂಚಿಕೆ ಓಡಬಹುದು, ಶೂಟಿಂಗ್ ನಾಲ್ಕು ದಿನಕ್ಕೆ ಹಂಚಿಹೋಗಬಹುದು. ಉಡುಗೆ ಬದಲಿಸಿದರೆ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೊಂದಿಕೆ, ತಪ್ಪುವ ಭಯ, ಮೇಕಪ್‌ಗೆ ಮತ್ತೆ ಅರ್ಧ ಗಂಟೆ. ಆದರೂ ಒಂದು ಹತ್ತಿ ಸೀರೆ ಉಡಿಸಿ, ಸರ ತೆಗೆಸಿ, ಒಂದು ಫೋಟೊ ತೆಗೆದಿಟ್ಟುಕೊಂಡರೆ ಆರೂ ಸಂಚಿಕೆಗೆ ಅದೇ ಸಾಕು.