ಪ್ರೊಜೆಕ್ಟರ್ ಹಚ್ಚಲು ಹೆದರುವ ವಿಜ್ಞಾನ ಶಿಕ್ಷಕರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರ ಬದಲಿಸಲಾಗಿದೆ. ಪ್ರಕಟಿಸಲು ಸಂಬಂಧಪಟ್ಟವರ ಒಪ್ಪಿಗೆ ಇದೆ.)

ವಿಜಯಪುರ ಜಿಲ್ಲೆಯ ಸರಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರು, ಐವತ್ತು ದಾಟಿದವರು. ಬಂದಾಗ ತೆಗೆದದ್ದು ನಿದ್ದೆಯ ಮಾತು. ರವಿವಾರ ರಾತ್ರಿ ನಿದ್ದೆ ಹತ್ತುವುದಿಲ್ಲ, ಸೋಮವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಎದೆ ಢವಢವ. ಬಿಪಿ, ಶುಗರ್, ಇಸಿಜಿ ಎಲ್ಲ ಆಗಿತ್ತು. ಡಾಕ್ಟರು ‘ಟೆನ್ಶನ್ ಮಾಡ್ಕೋಬ್ಯಾಡ್ರಿ’ ಎಂದು ಕಳಿಸಿದ್ದರು. ಸ್ವಯಂ ನಿವೃತ್ತಿ ತಗೊಂಡರೆ ಪಿಂಚಣಿ ಎಷ್ಟಾಗುತ್ತದೆ ಎಂಬ ಲೆಕ್ಕದ ಚೀಟಿ ಅಂಗಿಯ ಕಿಸೆಯಲ್ಲೇ ಇತ್ತು.

ಸ್ಮಾರ್ಟ್ ಕ್ಲಾಸಿನ ಸುದ್ದಿ ಬಂದದ್ದು ಬಹಳ ಹೊತ್ತಿನ ಮೇಲೆ. ದಾನಿಗಳೊಬ್ಬರು ಶಾಲೆಗೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ವಾರಕ್ಕೊಮ್ಮೆಯಾದರೂ ಅದರಲ್ಲಿ ಪಾಠ ಮಾಡಿ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕು. ಒಂದು ದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಕೂತಿದ್ದಾಗಲೇ ಗೋಡೆಯ ಮೇಲೆ ‘ನೋ ಸಿಗ್ನಲ್’ ಎಂಬ ನೀಲಿ ಪಟ್ಟಿ ನಿಂತುಬಿಟ್ಟಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ಬಂದು ಎರಡು ಕೀಲಿ ಒತ್ತಿದ, ಚಿತ್ರ ಬಂತು. ತರಗತಿ ನಕ್ಕಿತು. ಹುಡುಗನಿಗೆ ಬೈಗುಳ ಬಿತ್ತು. ಅವತ್ತಿನಿಂದ ಆ ಕೋಣೆಗೆ ಕೀಲಿ. ಯಾರಾದರೂ ಕೇಳಿದರೆ ‘ಕರೆಂಟ್ ಇಲ್ಲರೀ’ ಅನ್ನುವುದು ರೂಢಿಯಾಯಿತು.

‘ಇಪ್ಪತ್ತೇಳು ವರ್ಷ ಸೀಮೆಸುಣ್ಣದಾಗ ಕಲಿಸೇನ್ರಿ. ಯಾರೂ ನಕ್ಕಿದ್ದಿಲ್ಲ. ಈಗ ಹುಡುಗರ ಮುಂದ ಮರ್ಯಾದಿ ಹೋತು.’

ಮೊದಲು ತಳ್ಳಿಹಾಕಬೇಕಾದದ್ದು ಖಿನ್ನತೆ. ಊಟ, ಹಸಿವು, ಮನೆಯವರ ಜೊತೆ ಮಾತು, ಮೊದಲಿನ ಹವ್ಯಾಸಗಳಲ್ಲಿ ಆಸಕ್ತಿ, ಸಾಯುವ ಯೋಚನೆ ಇವನ್ನೆಲ್ಲ ಸುತ್ತಿಬಳಸದೆ ಕೇಳಲಾಯಿತು. ಶಾಲೆ ಇಲ್ಲದ ದಿನ ಮನುಷ್ಯರು ಆರಾಮ: ಹೊಲಕ್ಕೆ ಹೋಗುತ್ತಾರೆ, ಮೊಮ್ಮಗಳನ್ನು ಆಡಿಸುತ್ತಾರೆ. ಹೆದರಿಕೆ ಒಂದೇ ಕೋಣೆಗೆ, ಒಂದೇ ಯಂತ್ರಕ್ಕೆ ಅಂಟಿಕೊಂಡಿದೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲ ಎಂಬ ಸ್ಥಿತಿ ಇದ್ದಿದ್ದರೆ, ಇಲ್ಲವೆ ಜೀವ ಬೇಡ ಎಂಬ ಮಾತು ಬಂದಿದ್ದರೆ, ಮುಂದಿನದೆಲ್ಲ ಬಿಟ್ಟು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸುವುದೇ ಸರಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲು-ರಾತ್ರಿ ಉಚಿತವಾಗಿ ಸಿಗುತ್ತದೆ, ಅದನ್ನು ಬರೆದುಕೊಡಲಾಯಿತು.

ಎರಡನೆಯ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಲಾಗಿತ್ತು. ಇಂಥ ಪ್ರಕರಣದಲ್ಲಿ ಮಾತಿನಷ್ಟೇ ಕಣ್ಣಿಗೂ ಕೆಲಸ ಇರುತ್ತದೆ. ಒಂದು ಕಡತ ತೆರೆಯಿರಿ ಎಂದರೆ ಅವರು ಗದ್ದ ಮೇಲೆತ್ತುತ್ತಿದ್ದರು, ಆಮೇಲೆ ಮುಂದಕ್ಕೆ ಬಾಗುತ್ತಿದ್ದರು, ಮತ್ತೆ ಹಿಂದಕ್ಕೆ ಸರಿಯುತ್ತಿದ್ದರು. ಬೈಫೋಕಲ್ ಕನ್ನಡಕ. ಅದರ ಕೆಳತುಂಡು ಪುಸ್ತಕ ಓದುವುದಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್‌ಗೆ. ಮೇಲಿನದು ದೂರದ್ದು. ಲ್ಯಾಪ್‌ಟಾಪ್ ಪರದೆ 55–60 ಸೆಂಟಿಮೀಟರ್‌ನಲ್ಲಿ ಇರುತ್ತದೆ, ಎರಡಕ್ಕೂ ಸಿಗದ ಜಾಗ. ಬಾಣದ ಗುರುತು ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ನಿಮಿಷ ಹೋಗುತ್ತಿತ್ತು. ನಲವತ್ತು ಹುಡುಗರು ನೋಡುತ್ತಿರುವಾಗ ಆ ಅರ್ಧ ನಿಮಿಷ ‘ನನಗ ಬರೂದಿಲ್ಲ’ ಎಂದು ಅನ್ನಿಸಲು ಸಾಕು.

ಹಾಗಾಗಿ ಮೊದಲ ಸಲಹೆ ಮನಸ್ಸಿನದಲ್ಲ. ಟೇಪಿನಿಂದ ಕಣ್ಣಿಗೂ ಪರದೆಗೂ ಇರುವ ದೂರ ಅಳೆದು, ಆ ಅಂಕಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ, ಅಷ್ಟು ದೂರಕ್ಕೇ ಬೇರೆ ಕನ್ನಡಕ ಮಾಡಿಸುವುದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 150 ಪ್ರತಿಶತಕ್ಕೆ ಏರಿಸುವುದು, ಮೌಸ್ ಬಾಣವನ್ನು ದೊಡ್ಡದು ಮಾಡುವುದು. ಟಚ್‌ಪ್ಯಾಡ್ ಬಿಟ್ಟು ತಂತಿಯ ಮೌಸ್ ಬಳಸುವುದು. ಬೆವೆತ ಬೆರಳಿಗೆ ಟಚ್‌ಪ್ಯಾಡ್ ಸರಿಯಾಗಿ ಓಗೊಡುವುದಿಲ್ಲ, ಹೆದರಿದವರ ಬೆರಳಂತೂ ಬೆವೆತೇ ಇರುತ್ತದೆ.

ಉಳಿದದ್ದು ತಪ್ಪಿಸಿಕೊಳ್ಳುವ ಚಾಳಿ. ‘ಕರೆಂಟ್ ಇಲ್ಲ’ ಎಂದ ಕೂಡಲೇ ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ಸಲದ ಹೆದರಿಕೆಗೆ ಗೊಬ್ಬರ. ಕೋಣೆಯಿಂದ ದೂರ ಉಳಿದಷ್ಟೂ ಅಲ್ಲಿ ಏನೋ ಆಗಬಾರದ್ದು ಆಗುತ್ತದೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ, ಸುಳ್ಳು ಎಂದು ತೋರಿಸುವ ಅನುಭವ ಸಿಗುವುದೇ ಇಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಅಂದದ್ದು: ‘ಹಂಗಾದ್ರ ಕೀಲಿ ಹಾಕಿದ್ದು ಕೋಣಿಗಲ್ಲ, ನನಗ.’

‘ಕಂಪ್ಯೂಟರ್ ಬರೂದಿಲ್ಲ’ ಎಂಬ ಮಾತನ್ನೂ ಬಿಡಿಸಿ ನೋಡಬೇಕಾಯಿತು. ಫೋನ್‌ನಲ್ಲಿ ಬೀಜ-ಗೊಬ್ಬರದ ಹಣ ಕಳಿಸುತ್ತಾರೆ, ಬಸ್ ಟಿಕೆಟ್ ತೆಗೆಯುತ್ತಾರೆ, ಮಗನ ಜೊತೆ ವಿಡಿಯೋ ಕಾಲ್ ಮಾಡುತ್ತಾರೆ. ಇವನ್ನೆಲ್ಲ ಅವರು ಕಲಿತದ್ದು ಮನೆಯಲ್ಲಿ, ಯಾರೂ ನೋಡದಾಗ, ಹತ್ತು ಸಲ ತಪ್ಪಿ. ಪ್ರೊಜೆಕ್ಟರ್ ಒಂದನ್ನು ಮಾತ್ರ ಮಕ್ಕಳ ಮುಂದೆಯೇ ಕಲಿಯಲು ಹೊರಟಿದ್ದರು. ತರಬೇತಿಗಳಲ್ಲಿ ಗುಂಡಿ ಯಾವುದು ಎಂದು ಹೇಳಿಕೊಡುತ್ತಾರೆ. ತಡವರಿಸುವುದಕ್ಕೆ ಒಂದು ಜಾಗ ಬೇಕು ಎಂಬುದು ಅಲ್ಲಿ ಬಿಟ್ಟುಹೋಗುತ್ತದೆ. ಸಲಹೆಯೆಲ್ಲ ನಿಂತದ್ದು ಈ ಒಂದು ಮಾತಿನ ಮೇಲೆ: ತಡವರಿಸುವ ಜಾಗ ಬೇರೆ, ಕಲಿಸುವ ಜಾಗ ಬೇರೆ.

ಮೆಟ್ಟಿಲುಗಳು

ಮನೋವೈದ್ಯ ಜೋಸೆಫ್ ವೋಲ್ಪೆ ರೂಢಿಗೆ ತಂದ 0ರಿಂದ 100ರ ಅಳತೆಯಲ್ಲಿ ಪ್ರತಿ ಸನ್ನಿವೇಶಕ್ಕೂ ಎಷ್ಟು ಹೆದರಿಕೆ ಎಂದು ಅವರಿಂದಲೇ ಅಂಕ ಹಾಕಿಸಲಾಯಿತು. ಒಬ್ಬರೇ ಕೋಣೆಯಲ್ಲಿ: 25. ಸಹೋದ್ಯೋಗಿಯೊಬ್ಬರು ಜೊತೆಗಿದ್ದರೆ: 40. ಎಂಟನೆಯ ತರಗತಿ: 60. ಹತ್ತನೆಯದು: 75. ಮುಖ್ಯೋಪಾಧ್ಯಾಯರು ಫೋನ್ ಹಿಡಿದು ನಿಂತರೆ: 95. ಕೆಳಗಿನದು ಅರ್ಧಕ್ಕೆ ಇಳಿಯುವವರೆಗೆ ಮೇಲಿನದಕ್ಕೆ ಕಾಲಿಡಬಾರದು.

ಮೊದಲ ಮೆಟ್ಟಿಲು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ. ಬಾಗಿಲು ಹಾಕಿಕೊಂಡು ಹಚ್ಚುವುದು, ಆರಿಸುವುದು, ಬೇಸರ ಬರುವವರೆಗೆ. ಅದಾದ ಮೇಲೆ ಬೇಕೆಂತಲೇ ಕೆಡಿಸುವುದು. ಇದು ಮುಖ್ಯ, ಬಹಳ ಮಂದಿ ಇದನ್ನು ಬಿಡುತ್ತಾರೆ. ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ನಡುವಿನ ಎಚ್‌ಡಿಎಂಐ ಕೇಬಲ್ ಕಿತ್ತು ‘ನೋ ಸಿಗ್ನಲ್’ ಬರಿಸಿ, ಅದನ್ನು ಸುಮ್ಮನೆ ನೋಡುತ್ತ ಕೂರುವುದು, ಆಮೇಲೆ ಸರಿಪಡಿಸುವುದು. ಸರಿಪಡಿಸುವ ಕ್ರಮ ರಟ್ಟಿನ ಚೀಟಿಯಲ್ಲಿ, ದೊಡ್ಡಕ್ಷರದಲ್ಲಿ: ಕೇಬಲ್ ಎರಡೂ ತುದಿ ಒತ್ತು, ರಿಮೋಟಿನ ಸೋರ್ಸ್ ಗುಂಡಿಯಿಂದ ಎಚ್‌ಡಿಎಂಐ ಆಯ್ದುಕೋ, ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ ಡುಪ್ಲಿಕೇಟ್ ಆಯ್ದುಕೋ. ಆ ಹುಡುಗ ಒತ್ತಿದ್ದ ಎರಡು ಕೀಲಿ ಇವೇ. ಚಿತ್ರ ಬಂದು ದನಿ ಬಾರದಿದ್ದರೆ, ಎಚ್‌ಡಿಎಂಐ ದನಿಯನ್ನೂ ಪ್ರೊಜೆಕ್ಟರಿಗೆ ಒಯ್ದಿರುತ್ತದೆ. ಕೆಳಮೂಲೆಯ ಸ್ಪೀಕರ್ ಗುರುತಿನಲ್ಲಿ ಲ್ಯಾಪ್‌ಟಾಪಿನ ಸ್ಪೀಕರನ್ನು ಆಯ್ದುಕೊಳ್ಳಬೇಕು. ಹಳೆಯ ವಿಜಿಎ ಕೇಬಲ್‌ನಲ್ಲಾದರೆ ದನಿ ಹೋಗುವುದೇ ಇಲ್ಲ. ದೀಪದ ಪ್ರೊಜೆಕ್ಟರನ್ನು ಆರಿಸಿದ ಕೂಡಲೇ ಗೋಡೆಯ ಸ್ವಿಚ್ ತೆಗೆಯಬಾರದು, ಫ್ಯಾನ್ ನಿಲ್ಲುವವರೆಗೆ ಕಾಯಬೇಕು.

ಅಭ್ಯಾಸದಲ್ಲಿ ಒಂದು ಹೊಸ ತೊಡಕು ಸಿಕ್ಕಿತು. ಗೆಳೆಯರೊಬ್ಬರು ಕೊಟ್ಟ ಪಿಪಿಟಿ ತೆರೆದರೆ ಕನ್ನಡವಿಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ. ಲ್ಯಾಪ್‌ಟಾಪ್ ಕೆಟ್ಟಿತು ಎಂದುಕೊಂಡರು. ಅದು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೇ ಕಾಣುತ್ತದೆ. ಬರೆದವರ ಯಂತ್ರದಲ್ಲೇ ಪಿಡಿಎಫ್ ಮಾಡಿ ತರಿಸಿಕೊಂಡರೆ ತಾಪತ್ರಯ ಇಲ್ಲ. ಸ್ವಂತಕ್ಕೆ ಬರೆಯುವಾಗ ಯೂನಿಕೋಡ್, ಅಕ್ಷರ 28 ಪಾಯಿಂಟ್‌ಗಿಂತ ಸಣ್ಣದಿರಬಾರದು, ಪರದೆಗೆ ಐದು ಸಾಲು ಮೀರಬಾರದು.

ಏಳು ನಿಮಿಷದ ಪಾಠ

ನಲವತ್ತು ನಿಮಿಷದ ಅವಧಿಯಲ್ಲಿ ಪರದೆಗೆ ಏಳೇ ನಿಮಿಷ ಎಂದು ನಿಗದಿಯಾಯಿತು. ಸೀಮೆಸುಣ್ಣದಿಂದ ಆಗದ ಕೆಲಸಕ್ಕೆ ಮಾತ್ರ ಯಂತ್ರ. ಕಿರಣಚಿತ್ರವನ್ನು ಅವರು ಅಳತೆಪಟ್ಟಿ ಇಲ್ಲದೆ ಎಳೆಯುತ್ತಾರೆ, ಮಕ್ಕಳು ಜೊತೆಜೊತೆಗೆ ಬರೆದುಕೊಳ್ಳುತ್ತಾರೆ. ಅದನ್ನು ಪರದೆಗೆ ಹಾಕುವುದು ಪಾಠವನ್ನು ಕೆಡಿಸಿದಂತೆ. ಎಷ್ಟೋ ಸ್ಮಾರ್ಟ್ ಕ್ಲಾಸುಗಳಲ್ಲಿ ನಡೆಯುವುದು ಅದೇ.

ಆರಿಸಿಕೊಂಡದ್ದು ಹತ್ತನೆಯ ತರಗತಿಯ ವಿದ್ಯುತ್ ಪಾಠ. ಬಲ್ಬಿನಲ್ಲಿ ಕರೆಂಟ್ ಖರ್ಚಾಗಿ, ಆಚೆಗೆ ಕಡಿಮೆ ಹೋಗುತ್ತದೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಹಲಗೆಯ ಮೇಲೆ ಮಂಡಲ (ಸರ್ಕ್ಯೂಟ್) ಬರೆದು, ರೋಧಕದ ಈಚೆಗೆ, ಆಚೆಗೆ ಅಮ್ಮೀಟರ್ ಇಟ್ಟರೆ ಯಾವುದು ಹೆಚ್ಚು ತೋರಿಸುತ್ತದೆ ಎಂದು ಕೇಳಿ ಕೈ ಎತ್ತಿಸಬೇಕು. ಎಣಿಕೆ ಹಲಗೆಯ ಮೇಲೆ ಬರೆಯಬೇಕು. ಪ್ರೊಜೆಕ್ಟರ್ ಹಚ್ಚುವುದು ಅದಾದ ಮೇಲೆ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಫೆಟ್ (PhET) ಯೋಜನೆಯ ಡಿಸಿ ಮಂಡಲ ಸಿಮ್ಯುಲೇಶನ್‌ನಲ್ಲಿ (ಪರದೆಯ ಮೇಲೆ ಮಾಡುವ ಅಣಕು ಪ್ರಯೋಗ) 9 ವೋಲ್ಟ್ ಬ್ಯಾಟರಿ, 10 ಓಮ್ ರೋಧಕ, ಎರಡು ಅಮ್ಮೀಟರ್. ಎರಡರಲ್ಲೂ 0.90 ಆಂಪಿಯರ್. ವೋಲ್ಟ್ 18 ಮಾಡಿದರೆ ಎರಡರಲ್ಲೂ 1.80. ಊಹೆ ಮೊದಲು ಬರೆಸದೆ ನೇರ ತೋರಿಸಿದರೆ ಮಕ್ಕಳು ಚಿತ್ರ ನೋಡಿ ಖುಷಿಪಡುತ್ತಾರೆ, ನಂಬಿಕೆ ಅಲ್ಲಾಡುವುದಿಲ್ಲ. ಪ್ರಯೋಗಾಲಯದ ಅಮ್ಮೀಟರ್ ಸುಸ್ಥಿತಿಯಲ್ಲಿದ್ದರೆ ಒಂದು ಸಲ ಅದನ್ನೇ ಮೊದಲು ತೋರಿಸುವುದು ಇನ್ನೂ ಒಳ್ಳೆಯದು.

ಸಿಮ್ಯುಲೇಶನ್ ಕಡತವನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಸರಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪಿನ ವಿಡಿಯೋಗಳನ್ನೂ ಹಾಗೆಯೇ ಇಳಿಸಿಕೊಳ್ಳಬಹುದು. ತರಗತಿಯಲ್ಲಿ ನಿಂತು ಫೋನಿನ ಹಾಟ್‌ಸ್ಪಾಟ್ ನಂಬಬಾರದು.

ಕರೆಂಟಿನ ಮಾತು ಪೂರ್ತಿ ನೆಪವೇನಲ್ಲ, ನಿಜವಾಗಿಯೂ ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, 250–300 ವ್ಯಾಟಿನ ಪ್ರೊಜೆಕ್ಟರಿಗೆ ಇಲ್ಲ. 600 ವಿಎ ಯುಪಿಎಸ್ ಹೊಸದಿದ್ದರೂ ಅದನ್ನು ಐದು-ಹತ್ತು ನಿಮಿಷ ಎಳೆಯಬಹುದು, ಅಷ್ಟೆ. ಅದಕ್ಕೇ ಹಲಗೆಯ ಎಡಭಾಗದಲ್ಲಿ ಅದೇ ಮಂಡಲ ಮೊದಲೇ ಬರೆದಿರಬೇಕು. ಪರದೆ ಆರಿದರೆ ಎಡಕ್ಕೆ ತಿರುಗಿ ಪಾಠ ಮುಂದುವರಿಸುವುದು. ಈ ಏರ್ಪಾಡು ಮಾಡಿಕೊಂಡ ಮೇಲೆ ಎಂಟನೆಯ ತರಗತಿಯ ಅಂಕ 60ರಿಂದ 35ಕ್ಕೆ ಇಳಿಯಿತು, ತರಗತಿಗೆ ಹೋಗುವ ಮುನ್ನವೇ.

ಮಕ್ಕಳು ನಕ್ಕರೆ ಆಡಬೇಕಾದ ಮಾತನ್ನು ಬಾಯಿಪಾಠವಾಗುವವರೆಗೆ ಜೋರಾಗಿ ಹೇಳಿಸಲಾಯಿತು: ‘ಇದು ನನಗೂ ಹೊಸಾದು. ಯಾರಿಗೆ ಗೊತ್ತದ, ಒಬ್ಬರು ಬರ್ರಿ.’ ಬೈಸಿಕೊಂಡಿದ್ದ ಹುಡುಗನಿಗೆ ಕೇಬಲ್ ಜೋಡಿಸುವ ಪಾಳಿ ಕೊಡಬೇಕು, ಆದರೆ ಅವನೊಬ್ಬನಿಗೇ ಅಲ್ಲ. ವಾರಕ್ಕೊಬ್ಬ ಹುಡುಗ, ಒಬ್ಬ ಹುಡುಗಿ. ಇಲ್ಲದಿದ್ದರೆ ಯಂತ್ರ ಇಬ್ಬರು ಗಂಡುಹುಡುಗರ ಸೊತ್ತಾಗಿ, ಹುಡುಗಿಯರು ವರ್ಷವಿಡೀ ಮುಟ್ಟುವುದೇ ಇಲ್ಲ.

ನಡುವೆ ಒಮ್ಮೆ ಎಲ್ಲ ಹಿಂದಕ್ಕೆ ಸರಿಯಿತು. ಎಂಟನೆಯ ತರಗತಿಯಲ್ಲಿ ಪಾಠ ನಡೆದಿದ್ದಾಗ ಮುಖ್ಯೋಪಾಧ್ಯಾಯರು ಖುಷಿಯಿಂದಲೇ ಫೋನ್ ಹಿಡಿದು ಒಳಬಂದರು. ಎಂಟನೆಯ ತರಗತಿಯ ಮೆಟ್ಟಿಲಲ್ಲಿ ಇದ್ದವರ ಮುಂದೆ 95 ಬಂದು ನಿಂತಂತಾಯಿತು. ಕೈ ನಡುಗಿತು, ಕೋಣೆಗೆ ಮತ್ತೆ ಕೀಲಿ ಬಿತ್ತು. ಮುಖ್ಯೋಪಾಧ್ಯಾಯರ ಜೊತೆ ಸಲಹೆಗಾರರೇ ಮಾತಾಡಲಿ ಎಂಬ ಕೋರಿಕೆ ಬಂತು. ಒಪ್ಪಲಿಲ್ಲ: ಗೌಪ್ಯತೆಯ ಪ್ರಶ್ನೆ ಒಂದು, ಅವರ ಪರವಾಗಿ ಇನ್ನೊಬ್ಬರು ಮಾತಾಡಿದರೆ ಅದೂ ತಪ್ಪಿಸಿಕೊಂಡಂತೆಯೇ ಎಂಬುದು ಇನ್ನೊಂದು. ಬದಲಿಗೆ ಹೇಳಬೇಕಾದ ಎರಡು ಸಾಲು ಸಿದ್ಧವಾಯಿತು: ‘ಸರ, ಒಂದು ತಿಂಗಳು ಫೋಟೋ ಬ್ಯಾಡ್ರಿ. ಆಮ್ಯಾಲ ನಾನ ಕರೀತೀನಿ, ಬಂದು ಪೂರಾ ಪಾಠ ನೋಡ್ರಿ.’ ಹೇಳಿದರು. ಮುಖ್ಯೋಪಾಧ್ಯಾಯರು ‘ಅದಕ್ಕೇನ್ರಿ’ ಎಂದರಂತೆ.

ಎಂಟನೆಯ ತರಗತಿ ಈಗ ಸಲೀಸು; ಹತ್ತನೆಯದರಲ್ಲಿ ವಿದ್ಯುತ್ ಪಾಠ ಆಗಿದೆ, ಅಂಕ 45. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ, ಪಿಂಚಣಿಯ ಚೀಟಿ ಇನ್ನೂ ಹರಿದಿಲ್ಲ. ಮುಖ್ಯೋಪಾಧ್ಯಾಯರನ್ನು ಕರೆಯುವ ಮೆಟ್ಟಿಲು ಬಾಕಿ ಇದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದದ್ದರಿಂದ ಅದನ್ನು ಜೂನ್‌ಗೆ ಮುಂದೂಡಲಾಗಿದೆ. ಅಲ್ಲಿಯವರೆಗೆ ಹೊಸ ಮೆಟ್ಟಿಲು ಬೇಡ, ಆದರೆ ವಾರಕ್ಕೊಂದು ಏಳು ನಿಮಿಷ ತಪ್ಪಬಾರದು. ಬೇಸಿಗೆ ರಜೆಯಲ್ಲಿ ಲ್ಯಾಪ್‌ಟಾಪ್ ಮನೆಗೊಯ್ಯಲು ಅನುಮತಿ ಪಡೆಯಬೇಕು.