ಬಚ್ಚಲುಮನೆಯ ಕಲೆಗೆ ಮನೆಯಲ್ಲೇ ಮದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಬಚ್ಚಲುಮನೆ ಮತ್ತು ಶೌಚಾಲಯವನ್ನು ತೊಳೆಯಲು ಮನೆಯಲ್ಲೇ ತಯಾರಿಸಿಕೊಳ್ಳಬಹುದಾದ ವಸ್ತುಗಳ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿರುವ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: ಕೊಳವೆಬಾವಿ ಕೊರೆಸಿದಂದಿನಿಂದ ನಮ್ಮ ಮನೆಯ ಕಮೋಡಿನ ಒಳಗೆ ನೀರಿಳಿಯುವ ಜಾಡಿನಲ್ಲಿ ಕೆಂಪು ಮಿಶ್ರಿತ ಕಂದು ಕಲೆ ಕೂತಿದೆ. ಬ್ಲೀಚಿಂಗ್ ಪುಡಿ ಹಾಕಿ ರಾತ್ರಿಯಿಡೀ ಬಿಟ್ಟರೆ ಕಲೆ ಹೋಗುವ ಬದಲು ಇನ್ನಷ್ಟು ಗಾಢವಾಯಿತು. ಅಂಗಡಿಯ ಆಸಿಡ್ ತರಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?
(ಓದುಗರೊಬ್ಬರು, ಶಿರಸಿ ತಾಲೂಕು)

ಉತ್ತರ: ನಿಮ್ಮ ಮನೆಯ ಕಲೆ ಕೊಳೆಯದಲ್ಲ, ಕಬ್ಬಿಣದ್ದು. ನೆಲದಾಳದಲ್ಲಿ ಗಾಳಿಯ ಸಂಪರ್ಕವಿಲ್ಲದೆ ನೀರಿನಲ್ಲಿ ಕರಗಿಕೊಂಡಿರುವ ಕಬ್ಬಿಣದ ಅಂಶ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಂದು ಗಾಳಿ ತಾಗಿದ ಮೇಲೆ ಅದು ತುಕ್ಕಾಗಿ ಮಾರ್ಪಟ್ಟು ಪಿಂಗಾಣಿಯ ಮೇಲೆ ಕೂರುತ್ತದೆ. ಕೊಡದಲ್ಲಿ ಹಿಡಿದಿಟ್ಟ ತಿಳಿನೀರು ಬೆಳಗಾಗುವಷ್ಟರಲ್ಲಿ ಹಳದಿಗಟ್ಟಿ ತಳದಲ್ಲಿ ಕೆಂಪು ಗಸಿ ನಿಂತಿದ್ದರೆ ಇನ್ನು ಅನುಮಾನವೇ ಬೇಡ. ಬ್ಲೀಚಿಂಗ್ ಪುಡಿ ಮಾಡುವುದೂ ಗಾಳಿ ಮಾಡುವ ಕೆಲಸವನ್ನೇ, ಆದರೆ ಇನ್ನೂ ವೇಗವಾಗಿ. ಆದ್ದರಿಂದಲೇ ನಿಮ್ಮ ಕಲೆ ಗಾಢವಾಯಿತು.

ತುಕ್ಕು ಬಿಡಿಸಲು ಹುಳಿ ಬೇಕು, ಹುಳಿಗೆ ನಮ್ಮ ಜಿಲ್ಲೆಯಲ್ಲಿ ಬಡತನವಿಲ್ಲ. ನನ್ನ ಮೊದಲ ಆಯ್ಕೆ ಬಿಂಬುಳಿ, ಕೊಂಕಣಿಯವರ ಬಿಂಬಲ್. ಅದರಲ್ಲಿರುವ ಆಕ್ಸಾಲಿಕ್ ಆಮ್ಲಕ್ಕೆ ಕಬ್ಬಿಣವನ್ನು ಹಿಡಿದು ಕರಗಿಸಿಕೊಳ್ಳುವ ಗುಣವಿದೆ. ನಮ್ಮ ಮನೆಯಲ್ಲಿ ಸ್ನಾನದ ತಾಮ್ರದ ಹಂಡೆಯನ್ನು ಬೆಳಗುತ್ತಿದ್ದುದೂ ಇದರಿಂದಲೇ. ಕಾಯಿಯನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖವನ್ನು ಕಪ್ಪಾದ ಹಂಡೆಗೆ ಒತ್ತಿ ಎಳೆದರೆ, ಎಳೆದಷ್ಟು ಉದ್ದಕ್ಕೆ ಬೆರಳಗಲದ ಗುಲಾಬಿ ಬಣ್ಣದ ಗೆರೆ ಹೊಳೆದು ನಿಲ್ಲುತ್ತಿತ್ತು. ಕಮೋಡಿಗೆ ಹೀಗೆ ಮಾಡಿ. ಕಾಲು ಕಿಲೋ ಕಾಯನ್ನು ನೀರು ಹಾಕದೆ ಅರೆದುಕೊಳ್ಳಿ. ಕಮೋಡಿನಲ್ಲಿ ನಿಂತ ನೀರನ್ನು ಮಗ್ಗಿನಿಂದ ತೆಗೆಯಿರಿ, ನೀರಿದ್ದರೆ ಹುಳಿ ತೆಳುವಾಗಿ ಕೆಲಸ ಕೆಡುತ್ತದೆ. ಅರೆದದ್ದನ್ನು ಕಲೆಯ ಮೇಲೆ ದಪ್ಪಗೆ ಹಚ್ಚಿ, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿ, ಎರಡು ಗಂಟೆಯ ನಂತರ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಹಳೆಯ ಕಲೆ ಒಂದೇ ಸಲಕ್ಕೆ ಹೋಗದು, ಮೂರು ನಾಲ್ಕು ದಿನ ಬೇಕಾದೀತು. ಇದರ ರಸ ಕೈಯ ಚರ್ಮವನ್ನೂ ಸುಡುವಷ್ಟು ಚುರುಕಾದುದರಿಂದ ಕೈಗವಸು ಧರಿಸಿ. ಬಿಂಬುಳಿಯ ಕಾಲವಲ್ಲದಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಎರಡು ದೊಡ್ಡ ಚಮಚದಷ್ಟನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಬಳಸಬಹುದು. ಮುರುಗಲು ಹುಳಿಯೂ ಒಳ್ಳೆಯ ಹುಳಿಯೇ, ಆದರೆ ಅದರ ಕೆಂಪು ಬಿಳಿ ಪಿಂಗಾಣಿಗೆ ಹತ್ತುವುದರಿಂದ ಈ ಕೆಲಸಕ್ಕೆ ಬೇಡ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೀವು ಈಗಾಗಲೇ ಬ್ಲೀಚಿಂಗ್ ಪುಡಿ ಬಳಸಿದ್ದೀರಿ. ಅದರ ಅಂಶ ಉಳಿದಿರುವಾಗ ಯಾವುದೇ ಹುಳಿ, ಅದು ಲಿಂಬೆರಸವೇ ಆಗಿರಲಿ, ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಶೌಚಾಲಯದಲ್ಲಿ ಆ ಅನಿಲ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ತದೆ. ಮೊದಲು ಧಾರಾಳವಾಗಿ ನೀರು ಸುರಿದು ತೊಳೆದು, ಹುಳಿಯ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ನಲ್ಲಿ, ಬಕೆಟ್ಟು ಮತ್ತು ಟೈಲ್ಸಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟುಕೊಂಡರೆ ಸಾಕೆಂದು ಕೇಳಿ ಹಾಗೆಯೇ ಮಾಡಿದೆ. ನೊರೆ ಉಕ್ಕಿತು, ಪದರ ಮಾತ್ರ ಹಾಗೆಯೇ ಉಳಿಯಿತು. ಎರಡರ ಸರಿಯಾದ ಪ್ರಮಾಣ ಯಾವುದು?
(ಓದುಗರೊಬ್ಬರು, ಕಾರವಾರ)

ಉತ್ತರ: ಸರಿಯಾದ ಪ್ರಮಾಣ ಎಂಬುದೇ ಇಲ್ಲ, ಏಕೆಂದರೆ ಅವೆರಡನ್ನೂ ಬೆರೆಸಲೇಬಾರದು. ವಿನೆಗರ್ ಆಮ್ಲ, ಸೋಡಾ ಕ್ಷಾರ. ಒಂದನ್ನೊಂದು ಕೂಡಿದಾಗ ಎರಡರ ಶಕ್ತಿಯೂ ಕಳೆದು, ಅನಿಲ ನೊರೆಯಾಗಿ ಹೋಗಿ, ಉಳಿಯುವುದು ಒಂದು ಬಗೆಯ ಉಪ್ಪು ಬೆರೆತ ನೀರು ಮಾತ್ರ. ಬಿಗಿಯಾಗಿ ಮುಚ್ಚಳ ಹಾಕಿದ್ದರೆ ಬಾಟಲಿ ಒಡೆಯುವ ಅಪಾಯವೂ ಇತ್ತು.

ನಿಮ್ಮ ಬಿಳಿ ಪದರ ಗಡಸು ನೀರಿನ ಸುಣ್ಣ. ಸಮುದ್ರದಂಡೆಯಲ್ಲಿ ಸಿಗುವ ಒಂದು ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿ ನೋಡಿ, ಸಣ್ಣ ಗುಳ್ಳೆಗಳು ಏಳುತ್ತವೆ. ಚಿಪ್ಪೂ ನಿಮ್ಮ ನಲ್ಲಿಯ ಪದರವೂ ಮುಖ್ಯವಾಗಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿಗೆ ಅದು ಕರಗುತ್ತದೆ. ಶೇಕಡಾ 5ರ ಸಾಮರ್ಥ್ಯದ ಅಡುಗೆಯ ವಿನೆಗರಿನಲ್ಲಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, ಅರ್ಧ ಗಂಟೆಯ ನಂತರ ಒರೆಸಿ, ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಿಬಿಡಿ. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ನಲ್ಲಿಯ ಹೊಳಪು ಮಾಸುತ್ತದೆ. ಬಚ್ಚಲಿಗೆ ಕಡಪಾ ಕಲ್ಲು ಅಥವಾ ಅಮೃತಶಿಲೆ ಹಾಸಿದ್ದರೆ ಹುಳಿ ಆ ಕಡೆ ಸುಳಿಯದಿರಲಿ; ಕಡಪಾ ಸುಣ್ಣದ ಕಲ್ಲು, ಅಮೃತಶಿಲೆಯೂ ಅದೇ ಜಾತಿ, ಚಿಪ್ಪಿಗೆ ಆದದ್ದೇ ಅವಕ್ಕೂ ಆಗುತ್ತದೆ.

ಸೋಡಾ ಬೇರೆ ದಿನ, ಬೇರೆ ಕೆಲಸಕ್ಕೆ ಬರುತ್ತದೆ. ಮೈಯ ಎಣ್ಣೆಯ ಜಿಡ್ಡು ಕೂತ ಮಗ್ಗು, ಬಕೆಟ್ಟುಗಳಿಗೆ ಒದ್ದೆ ಬಟ್ಟೆಯ ಮೇಲೆ ಸೋಡಾ ಉದುರಿಸಿಕೊಂಡು ತಿಕ್ಕಿ. ದಿನನಿತ್ಯ ತೊಳೆಯಲು ಮಾತ್ರ ಅಂಟುವಾಳಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿದರೆ ಕಂದು ಬಣ್ಣದ, ಕೈಗೆ ಜಾರುವಂಥ ನೊರೆನೀರು ಸಿಗುತ್ತದೆ. ಸಾಬೂನಿನ ನೀರಿಗೆ ಹುಳಿ ಬಿದ್ದರೆ ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗುತ್ತದೆ. ಅಂಟುವಾಳದ ನೀರು ಹಾಗಾಗುವುದಿಲ್ಲವಾದ್ದರಿಂದ ಅದಕ್ಕೆ ಸ್ವಲ್ಪ ಲಿಂಬೆರಸ ಹಿಂಡಿಕೊಂಡೂ ಟೈಲ್ಸ್ ತೊಳೆಯಬಹುದು. ಹೊರಗಿಟ್ಟರೆ ಎರಡೇ ದಿನಕ್ಕೆ ಹುಳಿತು ನಾರುತ್ತದೆ, ಫ್ರಿಜ್ಜಿನಲ್ಲಿ ವಾರ ಬಾಳುತ್ತದೆ. ಒಮ್ಮೆಗೆ ಹೆಚ್ಚು ಮಾಡಬೇಡಿ. ಕಣ್ಣಿಗೆ ಸಿಡಿದರೆ ಬಹಳ ಉರಿಯುತ್ತದೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಹಣ್ಣಿನ ಸಿಪ್ಪೆಯಿಂದ ಬಯೋಎಂಜೈಮ್ ಮಾಡಲು ಹೊರಟೆ, ಹತ್ತೇ ದಿನಕ್ಕೆ ಬಾಟಲಿ ಉಬ್ಬಿ ಮುಚ್ಚಳ ಹಾರಿತು. ಎಲ್ಲಿ ತಪ್ಪಿದೆ? ಇದರಿಂದ ರೋಗಾಣು ಸಾಯುತ್ತದೆಯೇ?
(ಓದುಗರೊಬ್ಬರು, ಕುಮಟಾ)

ಉತ್ತರ: ಬಯೋಎಂಜೈಮ್ ಎಂದರೆ ಸಿಪ್ಪೆ, ಬೆಲ್ಲಗಳನ್ನು ನೀರಿನಲ್ಲಿ ಹುಳಿಸಿ ಮಾಡುವ ತೊಳೆಯುವ ದ್ರವ. ರೂಢಿಯ ಲೆಕ್ಕ ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು: 100 ಗ್ರಾಂ, 300 ಗ್ರಾಂ, ಒಂದು ಲೀಟರ್. ಲಿಂಬೆ, ಕಂಚಿಕಾಯಿಗಳ ಸಿಪ್ಪೆ, ಬನವಾಸಿ ಕಡೆಯಿಂದ ಬರುವ ಅನಾನಸಿನ ಸಿಪ್ಪೆ ಎಲ್ಲವೂ ಆಗುತ್ತವೆ. ಬೆಲ್ಲ ಹುಳಿಯುವಾಗ ಅನಿಲ ಹುಟ್ಟುತ್ತದೆ. ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್ಕಿನದನ್ನು ಬಳಸಿ, ಮೂರನೇ ಒಂದು ಭಾಗ ಖಾಲಿ ಬಿಟ್ಟು, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು. ಮೂರು ತಿಂಗಳಿಗೆ ಸೋಸಿಕೊಳ್ಳಿ. ಹೆಸರು ದೊಡ್ಡದಾದರೂ ಅದರಲ್ಲಿ ಕೆಲಸ ಮಾಡುವುದು ಬಹುಮಟ್ಟಿಗೆ ಹುಳಿತದಿಂದ ಹುಟ್ಟಿದ ಆಮ್ಲ. ಹಾಗಾಗಿ ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ.

ರೋಗಾಣುವಿನ ವಿಷಯದಲ್ಲಿ ಇದನ್ನಾಗಲಿ ವಿನೆಗರನ್ನಾಗಲಿ ನಂಬಬಾರದು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದಾಗ ಸಹಜ, ನೈಸರ್ಗಿಕ ಎಂಬ ಹಟ ಬಿಟ್ಟು, ಶೌಚಾಲಯವನ್ನು ಮೊದಲು ಬರೀ ನೀರಿನಿಂದ ಚೆನ್ನಾಗಿ ತೊಳೆದು, ಲೀಟರ್ ನೀರಿಗೆ ಒಂದು ಟೀ ಚಮಚದಂತೆ ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಇಂಥ ಹೊತ್ತಿನಲ್ಲಿ ಮನೆಯವರ ಆರೋಗ್ಯ ಮುಖ್ಯ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹೊರಗಿನ ಬಚ್ಚಲಿನ ಸಿಮೆಂಟ್ ನೆಲ ಪಾಚಿಗಟ್ಟಿ ಜಾರುತ್ತದೆ. ಅತ್ತೆಗೆ ವಯಸ್ಸಾಗಿದೆ, ಬೀಳುತ್ತಾರೇನೋ ಎಂಬ ಭಯ. ಬೂದಿ ಬಳಸಬಹುದೇ?
(ಓದುಗರೊಬ್ಬರು, ಹೊನ್ನಾವರ)

ಉತ್ತರ: ಧಾರಾಳವಾಗಿ ಬಳಸಿ. ಬಚ್ಚಲ ಒಲೆಯ ಕಟ್ಟಿಗೆ ಬೂದಿಯಲ್ಲಿ ಕ್ಷಾರವಿದೆ, ಅದು ಜಿಡ್ಡನ್ನೂ ಪಾಚಿಯ ಲೋಳೆಯನ್ನೂ ಬಿಡಿಸುತ್ತದೆ. ಇದ್ದಿಲು, ಮರಳು ಹೋಗುವಂತೆ ಬಟ್ಟೆಯಲ್ಲಿ ಜಾಲಿಸಿ, ಒದ್ದೆ ನೆಲದ ಮೇಲೆ ಉದುರಿಸಿ, ಹದಿನೈದು ನಿಮಿಷ ಬಿಟ್ಟು ತೆಂಗಿನ ಕಡ್ಡಿಯ ಪೊರಕೆಯಿಂದ ಉಜ್ಜಿ ತೊಳೆಯಿರಿ. ಬೂದಿ ಕಲಸಿದ ನೀರೂ ಜಾರುವಂಥದ್ದೇ ಆದ್ದರಿಂದ ನೆಲ ಪೂರ್ತಿ ತೊಳೆದು ಒಣಗುವವರೆಗೆ ಅತ್ತೆಯವರನ್ನು ಒಳಗೆ ಬಿಡಬೇಡಿ. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಇದು ನಡೆಯಬೇಕು, ಹಿಡಿದುಕೊಳ್ಳಲು ಗೋಡೆಗೊಂದು ಸರಳನ್ನೂ ಹಾಕಿಸಿ. ಬೂದಿ ನೀರು ಹರಿದು ತೆಂಗಿನ ಬುಡಕ್ಕೆ ಹೋದರೆ ತೊಂದರೆಯಿಲ್ಲ. ಅಂಟುವಾಳದ ನೀರನ್ನು ಮಾತ್ರ ಕೆರೆಗೋ ಹೊಳೆಗೋ ಬಿಡಬೇಡಿ, ಅದು ಮೀನಿಗೆ ವಿಷ.